ಅಂಕ ಕಡಿಮೆಯಾದಾಗ ಮೊದಲು ಕೇಳಬೇಕಾದ ಪ್ರಶ್ನೆ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿದ್ಯಾರ್ಥಿವೇತನ ಸಮಿತಿಯ ಸದಸ್ಯೆ, ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ವೇದಿಕೆಯ ಮೇಲಿರುವ ಟ್ರಸ್ಟಿನ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಜಮಾತಿನ ಹಿರಿಯರೇ, ಕಾರವಾರ ಮತ್ತು ಅಂಕೋಲಾ ತಾಲೂಕಿನ ಬೇರೆ ಬೇರೆ ಊರುಗಳಿಂದ ಬಂದ ತಾಯಂದಿರೇ, ತಂದೆಯಂದಿರೇ, ಪರದೇಶದಲ್ಲಿದ್ದರೂ ಮನಸ್ಸು ಇಲ್ಲೇ ಇಟ್ಟಿರುವ ದಾನಿಗಳೇ, ಮತ್ತು ಇವತ್ತಿನ ಕಾರ್ಯಕ್ರಮದ ನಿಜವಾದ ಅತಿಥಿಗಳಾದ ನನ್ನ ವಿದ್ಯಾರ್ಥಿಗಳೇ,

ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಅಕ್ಕೋರೇ, ಈ ಸಲ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ತಯಾರಿ ಹೇಗೆ ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವಳಿಗೆ ಅದು ಕಷ್ಟದ ವಿಷಯವಲ್ಲ. ಆದರೆ ನಾನು ಅವರ ಹತ್ತಿರ ವಿಷಯ ಬದಲಿಸಲು ಅನುಮತಿ ಕೇಳಿದೆ. ಯಾಕೆ ಎಂದು ಮೊದಲು ಹೇಳಿಬಿಡುತ್ತೇನೆ.

ಕಳೆದ ವರ್ಷ ನಮ್ಮ ಸಮಿತಿಯ ಮುಂದೆ ನವೀಕರಣಕ್ಕೆ ಬಂದ ಅರ್ಜಿಗಳಲ್ಲಿ ಒಂಬತ್ತನ್ನು ನಾವು ತಿರಸ್ಕರಿಸಿದೆವು. ಕಾರಣ ಒಂದೇ. ಮಕ್ಕಳ ಅಂಕ ಶೇಕಡಾ 60ಕ್ಕಿಂತ ಕೆಳಗೆ ಇಳಿದಿತ್ತು. ನಿಯಮ ಸ್ಪಷ್ಟವಾಗಿದೆ. ಆ ಪಟ್ಟಿಯ ಕೆಳಗೆ ಇರುವ ಸಹಿಗಳಲ್ಲಿ ಒಂದು ನನ್ನದು. ಸಹಿ ಹಾಕಿ ಮನೆಗೆ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಹಿಂದಿನ ವರ್ಷ ಶೇಕಡಾ 80ರ ಮೇಲೆ ತೆಗೆದ ಮಗು ಒಂದೇ ವರ್ಷದಲ್ಲಿ 52ಕ್ಕೆ ಬಂದರೆ, ಆ ಒಂದು ವರ್ಷದಲ್ಲಿ ಏನೋ ನಡೆದಿರಬೇಕಲ್ಲ? ನಾವು ಅಂಕಪಟ್ಟಿ ನೋಡಿದೆವು, ಮಗುವನ್ನು ನೋಡಲಿಲ್ಲ.

ನಿವೃತ್ತಳಾದವಳಿಗೆ ಪುರುಸೊತ್ತಿಗೆ ಏನು ಕಡಿಮೆ. ಆ ಒಂಬತ್ತು ಮನೆಗಳಿಗೂ ಫೋನ್ ಮಾಡಿದೆ. ನಾಲ್ಕು ಮನೆಗಳಿಗೆ ನಾನೇ ಹೋದೆ. ಅಲ್ಲಿ ಕಂಡದ್ದನ್ನು ಹೆಸರು, ಊರು ಹೇಳದೆ ಸ್ವಲ್ಪ ಹೇಳುತ್ತೇನೆ. ಒಂದು ಮನೆಯಲ್ಲಿ ಕೊಲ್ಲಿಯಲ್ಲಿ ಹದಿನೈದು ವರ್ಷ ದುಡಿದ ತಂದೆ ಕೆಲಸ ಕಳೆದುಕೊಂಡು ವಾಪಸ್ ಬಂದಿದ್ದರು. ಮನೆಯೊಳಗೆ ಯಾರೂ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಇನ್ನೊಂದು ಮನೆಯಲ್ಲಿ ಹುಡುಗನನ್ನು ಸಾಕಿದ್ದ ಅಜ್ಜಿ ತೀರಿಕೊಂಡಿದ್ದರು. ನಲ್ವತ್ತು ದಿನ ಕಳೆದ ಮೇಲೆ ದೊಡ್ಡವರೆಲ್ಲ ತಮ್ಮ ತಮ್ಮ ಕೆಲಸಕ್ಕೆ ಹೋದರು. ಹುಡುಗ ಮಾತ್ರ ಅಲ್ಲೇ ಉಳಿದುಬಿಟ್ಟಿದ್ದ.

ಮೂರನೆಯ ಮನೆಯಲ್ಲಿ ಒಬ್ಬಳು ಹುಡುಗಿ. ಅವಳ ತಂದೆ ಲಾರಿ ಡ್ರೈವರ್. 2024ರ ಜುಲೈ 16ರಂದು ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಿಮಗೆಲ್ಲ ಗೊತ್ತು. ರಸ್ತೆ ಬದಿಯಲ್ಲಿ ಚಹಾ ಕುಡಿಯಲು ನಿಂತವರು, ಲಾರಿ ನಿಲ್ಲಿಸಿಕೊಂಡವರು ಮಣ್ಣಿನಡಿ ಹೋದರು, ಗಂಗಾವಳಿ ನದಿ ಪಾಲಾದರು. ಮಣ್ಣು ಬಿದ್ದ ರಭಸಕ್ಕೆ ನೀರು ಎದುರು ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಒಬ್ಬ ಲಾರಿ ಚಾಲಕನ ಶರೀರ ಸಿಗಲು ಸೆಪ್ಟೆಂಬರ್ ಕೊನೆಯಾಯಿತು. ಆ ಎರಡೂ ಕಾಲು ತಿಂಗಳು ನಮ್ಮ ಮನೆಗಳಲ್ಲಿ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಅದೇ ದೃಶ್ಯ. ಈ ಹುಡುಗಿಯ ತಂದೆಗೆ ಏನೂ ಆಗಿರಲಿಲ್ಲ. ಅವರು ಆ ದಿನ ಬೇರೆ ದಾರಿಯಲ್ಲಿದ್ದರು. ಆದರೆ ಅಂದಿನಿಂದ ಮಳೆ ಬಂದ ರಾತ್ರಿ ಅವಳಿಗೆ ನಿದ್ದೆ ಇಲ್ಲ. ತಂದೆ ಫೋನ್ ಮಾಡಿ "ಮುಟ್ಟಿದೆ" ಎನ್ನುವವರೆಗೆ ಹಾಸಿಗೆಯಲ್ಲಿ ಎದ್ದು ಕೂತಿರುತ್ತಾಳೆ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾಳೆ. ತಾಯಿ ನನ್ನ ಹತ್ತಿರ ಹೇಳಿದ್ದು: "ಮೊಬೈಲ್ ನೋಡಿ ನೋಡಿ ಹೀಗಾಗಿದ್ದಾಳೆ ಅಕ್ಕೋರೇ." ಮಗುವಿನ ಕೈಯಲ್ಲಿ ಮೊಬೈಲ್ ಇದ್ದದ್ದು ನಿಜ. ಅವಳು ಅದರಲ್ಲಿ ನೋಡುತ್ತಿದ್ದದ್ದು ತಂದೆಯ ಹೆಸರಿನ ಮುಂದೆ ಹಸಿರು ಚುಕ್ಕಿ ಬಂತೋ ಇಲ್ಲವೋ ಎಂದು.

ಅದಕ್ಕಾಗಿ ಇವತ್ತು ಪರೀಕ್ಷೆಯ ತಯಾರಿ ಬಿಟ್ಟು ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡುತ್ತೇನೆ. ನಾನು ವೈದ್ಯಳಲ್ಲ. ಬಿ.ಎಡ್. ಓದುವಾಗ ಶಿಕ್ಷಣ ಮನೋವಿಜ್ಞಾನ ಎಂಬ ಒಂದು ಪೇಪರ್ ಇತ್ತು. ಹದಿಹರೆಯ ಎಂದರೆ ಬಿರುಗಾಳಿಯ ಕಾಲ ಎಂದು ಸ್ಟ್ಯಾನ್ಲಿ ಹಾಲ್ 1904ರಲ್ಲೇ ಹೇಳಿದ್ದಾರೆ ಎಂದು ಬಾಯಿಪಾಠ ಮಾಡಿ ಪಾಸಾದೆವು. ಬಿರುಗಾಳಿಯಲ್ಲಿ ಸಿಕ್ಕ ದೋಣಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಆ ಪೇಪರಿನಲ್ಲಿ ಇರಲಿಲ್ಲ. ಉಳಿದದ್ದನ್ನು ನಿವೃತ್ತಿಯ ನಂತರ ಓದಿ, ತಿಳಿದವರನ್ನು ಕೇಳಿ ಕಲಿತಿದ್ದೇನೆ.

ಮೊದಲು ಲೆಕ್ಕದಿಂದ ಶುರುಮಾಡೋಣ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಒಂದು ದೊಡ್ಡ ಅಧ್ಯಯನ ಮಾಡಿದರು. ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಹೋದ್ಯೋಗಿಗಳ ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಸಿನಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ನೋಡಿದರು. ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು, ಹಳ್ಳಿಗಳು, ಈ ಮೂರೂ ಕಡೆಯ ಮನೆಗಳಿಗೆ ಹೋದರು. ನೂರಕ್ಕೆ ಹನ್ನೆರಡೂವರೆ ಮಕ್ಕಳಲ್ಲಿ ಗುರುತಿಸಬಹುದಾದ ಮಾನಸಿಕ ಅಥವಾ ವರ್ತನೆಯ ತೊಂದರೆ ಇತ್ತು. ಅಂದರೆ ಎಂಟು ಮಕ್ಕಳಿಗೆ ಒಂದು. ನಾನು ಪಾಠ ಮಾಡಿದ ತರಗತಿಗಳಲ್ಲಿ ಸಾಮಾನ್ಯವಾಗಿ ನಲ್ವತ್ತು ಮಕ್ಕಳಿರುತ್ತಿದ್ದರು. ಆ ಲೆಕ್ಕದಲ್ಲಿ ಪ್ರತಿ ತರಗತಿಯಲ್ಲಿ ಐದು ಮಕ್ಕಳು. ನನಗೆ ಒಂದು ವರ್ಷಕ್ಕೆ ಒಬ್ಬರೂ ಕಾಣಿಸಿದ್ದಿಲ್ಲ.

ಗಾಬರಿಯಾಗಬೇಡಿ. ಈ ಐದೂ ಮಕ್ಕಳಿಗೆ ದೊಡ್ಡ ಕಾಯಿಲೆ ಎಂದು ಅರ್ಥವಲ್ಲ. ಹಾಸಿಗೆ ಒದ್ದೆ ಮಾಡುವುದು, ಯಾವುದೋ ಒಂದು ವಸ್ತು ಅಥವಾ ಜಾಗ ಕಂಡರೆ ಅತಿಯಾದ ಹೆದರಿಕೆ, ಒಂದು ಕಡೆ ಕೂರಲಾಗದಷ್ಟು ಚಡಪಡಿಕೆ, ಉಗ್ಗು, ಎಲ್ಲದಕ್ಕೂ ಎದುರು ನಿಲ್ಲುವ ಹಟ, ಇವೇ ಹೆಚ್ಚಾಗಿ ಕಂಡದ್ದು. ನಾಲ್ಕರಿಂದ ಹದಿನಾರು ವರ್ಷದವರಲ್ಲಿ ದಿನನಿತ್ಯದ ಬದುಕಿಗೇ ಅಡ್ಡಿಯಾಗುವಷ್ಟು ತೊಂದರೆ ಇದ್ದದ್ದು ಶೇಕಡಾ 5.3ರಷ್ಟು ಮಕ್ಕಳಿಗೆ.

ಆದರೆ ಈ ಅಧ್ಯಯನದಲ್ಲಿ ನನ್ನನ್ನು ನಿಲ್ಲಿಸಿದ ಅಂಕಿ ಬೇರೆ. ತಮ್ಮ ಮಗುವಿಗೆ ಏನೋ ತೊಂದರೆ ಇದೆ ಎಂದು ಅನಿಸಿದ್ದು ಶೇಕಡಾ 37.5ರಷ್ಟು ಕುಟುಂಬಗಳಿಗೆ ಮಾತ್ರ. ಎಂಟು ಮನೆಗಳಲ್ಲಿ ಮೂರು. ಉಳಿದ ಐದು ಮನೆಗಳಲ್ಲಿ ಅದು ಸೋಮಾರಿತನ, ಹಟ, ಕೊಬ್ಬು ಎಂದಾಗಿರಬಹುದು. ಅಥವಾ "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂದಾಗಿರಬಹುದು. ಇನ್ನೊಂದು ಮಾತು. ಮಧ್ಯಮ ವರ್ಗ, ಕೊಳೆಗೇರಿ, ಹಳ್ಳಿ ಎಂದು ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇಲ್ಲಿ ಅರ್ಜಿ ಹಿಡಿದು ಕೂತಿರುವ ತಾಯಿಯೂ, ಚೆಕ್ ಬರೆಯುವ ದಾನಿಯೂ ಇದು ಬೇರೆಯವರ ಮನೆಯ ಮಾತು ಎಂದು ತಿಳಿಯಬಾರದು.

ಈಗ ನಮಗೆ ಇನ್ನೂ ಹತ್ತಿರಕ್ಕೆ ಬರುತ್ತೇನೆ. ಕಾರವಾರದಿಂದ ಕಾಳಿ ನದಿ ದಾಟಿ ಸದಾಶಿವಗಡ, ಮಾಜಾಳಿ ಆದ ಮೇಲೆ ಗೋವಾ. ಅಲ್ಲಿ 1996ರಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಗೆಳೆಯರು ಕಟ್ಟಿದ 'ಸಂಗಾತ್' ಎಂಬ ಸಂಸ್ಥೆ ಇದೆ. ಅವರ ತಂಡ 12ರಿಂದ 16 ವರ್ಷದ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಅಲ್ಲಿ ಕಾಯಿಲೆ ಎನ್ನಬಹುದಾದ ತೊಂದರೆ ಇದ್ದದ್ದು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3. ನಮ್ಮ ಎಷ್ಟೋ ಮಂದಿ ದುಡಿಯುವ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್ ನಗರದಲ್ಲಿ ಶಾಲಾ ಮಕ್ಕಳ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಹತ್ತಕ್ಕೆ ಒಬ್ಬರು.

ಒಂದು ಕಡೆ ಹನ್ನೆರಡೂವರೆ, ಒಂದು ಕಡೆ ಎರಡು, ಇನ್ನೊಂದು ಕಡೆ ಹತ್ತು. ಹಾಗಾದರೆ ಯಾವುದು ನಿಜ ಎಂದು ಕೇಳುತ್ತೀರಿ. ಮೀನುಗಾರರ ಮಕ್ಕಳು ಇಲ್ಲಿ ಬಹಳ ಮಂದಿ ಇದ್ದೀರಿ, ನಿಮಗೆ ಬೇಗ ತಿಳಿಯುತ್ತದೆ. ಬಲೆಯ ಕಣ್ಣು ಸಣ್ಣದಿದ್ದರೆ ಸಣ್ಣ ಮೀನೂ ಬರುತ್ತದೆ, ದೊಡ್ಡದಿದ್ದರೆ ದೊಡ್ಡದು ಮಾತ್ರ. ಬೆಂಗಳೂರಿನವರು ಕೂಸುಗಳನ್ನೂ ಸೇರಿಸಿದರು, ಹಾಸಿಗೆ ಒದ್ದೆಯನ್ನೂ ಎಣಿಸಿದರು, ತಂದೆತಾಯಿಯನ್ನೂ ಕೇಳಿದರು. ಗೋವಾದವರು ದೊಡ್ಡ ಮಕ್ಕಳನ್ನು ಮಾತ್ರ ತೆಗೆದುಕೊಂಡು ಕಟ್ಟುನಿಟ್ಟಿನ ಅಳತೆ ಇಟ್ಟರು. ಸಮುದ್ರ ಒಂದೇ, ಬಲೆ ಬೇರೆ. ಆದ್ದರಿಂದ ಈ ಸಂಖ್ಯೆಗಳನ್ನು ಹಿಡಿದು ಯಾರ ಊರು ಮೇಲು ಎಂದು ವಾದ ಮಾಡುವುದರಲ್ಲಿ ಅರ್ಥವಿಲ್ಲ. ಯಾವ ಬಲೆ ಹಾಕಿದರೂ ಬಲೆ ಖಾಲಿ ಬಂದಿಲ್ಲ ಎನ್ನುವುದನ್ನು ಗಮನಿಸಿ.

ಗೋವಾದ ಅಧ್ಯಯನದಲ್ಲಿ ಸಂಖ್ಯೆಗಿಂತ ಬೆಲೆಬಾಳುವ ವಿಷಯ ಮತ್ತೊಂದಿದೆ. ಯಾವ ಮಕ್ಕಳಲ್ಲಿ ತೊಂದರೆ ಹೆಚ್ಚು ಕಂಡಿತು? ಪಾಠ ತಲೆಗೆ ಹತ್ತದೆ ಒದ್ದಾಡುವವರಲ್ಲಿ, ತಮ್ಮ ಓಣಿಯಲ್ಲಿ ಓಡಾಡಲು ಭಯ ಇರುವವರಲ್ಲಿ, ಹೊಡೆತ ಮತ್ತು ಬೈಗುಳ ತಿಂದವರಲ್ಲಿ, ತಂಬಾಕಿನ ಚಟ ಹಿಡಿದವರಲ್ಲಿ. ಮನೆಯ ಹಿಡಿತ ತಪ್ಪಿ ಹೊರಗಿನ ತಿರುಗಾಟವೇ ಹೆಚ್ಚಾದವರಲ್ಲೂ ಕಂಡಿತು. ಯಾರಲ್ಲಿ ಕಡಿಮೆ? ಕಷ್ಟ ಬಂದರೆ ಮೊದಲು ಮನೆಯವರ ಹತ್ತಿರ ಹೇಳಿಕೊಳ್ಳುವ ಮಕ್ಕಳಲ್ಲಿ. ಬೆಂಗಳೂರಿನ ಅಧ್ಯಯನದಲ್ಲೂ ಮಕ್ಕಳಿಗೆ ಬೀಳುವ ಹೊಡೆತಕ್ಕೂ ಅವರ ತೊಂದರೆಗೂ ಸಂಬಂಧ ಕಂಡಿತು. ತಂದೆ ಅಥವಾ ತಾಯಿಯೇ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರೆ ಅದೂ ಮಗುವಿನ ಮೇಲೆ ಬೀಳುತ್ತದೆ ಎಂದೂ ಕಂಡಿತು.

ಹೊಡೆತದ ಮಾತು ಬಂದಾಗ ನಾನು ಬೇರೆಯವರ ಕಡೆ ಬೆರಳು ತೋರಿಸುವ ಹಾಗಿಲ್ಲ. ನಾವು ನೌಕರಿಗೆ ಸೇರಿದ ಕಾಲದಲ್ಲಿ ಮೇಜಿನ ಮೇಲೆ ಸೀಮೆಸುಣ್ಣದ ಪಕ್ಕ ಬೆತ್ತ ಇರುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಹೋಯಿತು, ನಾಲಿಗೆ ಉಳಿಯಿತು.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಒಂಬತ್ತನೆಯ ತರಗತಿಯವರೆಗೆ ಗಣಿತದಲ್ಲಿ ಮುಂದಿದ್ದವನು. ತಂದೆ ಕೊಲ್ಲಿಯಲ್ಲಿ, ಎರಡು ವರ್ಷಕ್ಕೊಮ್ಮೆ ರಜೆ. ಹತ್ತನೆಯ ತರಗತಿಯ ಅರ್ಧದಿಂದ ಸೋಮವಾರ ಬಂದರೆ ಹೊಟ್ಟೆನೋವು. ಉತ್ತರಪತ್ರಿಕೆ ಖಾಲಿ ಕೊಡುತ್ತಿದ್ದ. ನಾನು ಅವನ ಪ್ರಗತಿಪತ್ರದಲ್ಲಿ ಕೆಂಪು ಶಾಯಿಯಲ್ಲಿ "ಅಭ್ಯಾಸದ ಕಡೆ ಲಕ್ಷ್ಯವಿಲ್ಲ" ಎಂದು ಬರೆದೆ. ತರಗತಿಯ ಎದುರಿಗೇ, "ಅಪ್ಪ ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯೋದು ನೀನು ಹೀಗೆ ಕೂರೋದಕ್ಕಾ?" ಎಂದೆ. ಅವನಿಗೆ ಚುರುಕು ಮುಟ್ಟಲಿ ಎಂದೇ ಹೇಳಿದ್ದು. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಅವನು ಶಾಲೆ ಬಿಟ್ಟ.

ಬಹಳ ವರ್ಷದ ಮೇಲೆ ಅಂಕೋಲಾ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ಮಾತಾಡಿಸಿದ. ನನ್ನ ಚೀಲ ಎತ್ತಿ ಬಸ್ಸಿನಲ್ಲಿ ಇಟ್ಟ. ಆಗ ಏನಾಗಿತ್ತು ಮಗಾ ಎಂದು ಕೇಳಿದೆ. "ಅಕ್ಕೋರೇ, ಆಗ ರಾತ್ರಿ ನಿದ್ದೆ ಬರ್ತಿರಲಿಲ್ಲ. ಪುಸ್ತಕ ತೆಗೆದರೆ ಅಕ್ಷರ ಕಾಣ್ತಿತ್ತು, ತಲೆಗೆ ಹೋಗ್ತಿರಲಿಲ್ಲ. ಅಬ್ಬಾಗೆ ಮೋಸ ಮಾಡ್ತಾ ಇದ್ದೇನೆ ಅನ್ನಿಸ್ತಿತ್ತು. ನೀವೂ ಅದನ್ನೇ ಹೇಳಿದ್ರಿ." ಸಿಟ್ಟಿನಿಂದ ಹೇಳಲಿಲ್ಲ. ಈಗಲೂ ನಾನು ಅದನ್ನು ಮರೆತಿಲ್ಲ. ಅವನ ತಲೆಯೊಳಗೆ ಹಗಲೂ ರಾತ್ರಿ ಓಡುತ್ತಿದ್ದ ಮಾತನ್ನೇ ನಾನು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ.

ತಾಯಂದಿರೇ, ದೊಡ್ಡವರಿಗೆ ಮನಸ್ಸು ಕೆಟ್ಟರೆ "ಬೇಜಾರು" ಎನ್ನುತ್ತಾರೆ. ಮಕ್ಕಳಿಗೆ ಆ ಶಬ್ದ ಬರುವುದಿಲ್ಲ. ಅವರ ಬೇಜಾರು ಹೊಟ್ಟೆನೋವಾಗಿ, ತಲೆನೋವಾಗಿ, ಸಿಟ್ಟಾಗಿ ಬರುತ್ತದೆ. ಚೆನ್ನಾಗಿ ಆಡುತ್ತಿದ್ದ ಹುಡುಗ ಮೈದಾನಕ್ಕೆ ಹೋಗುವುದನ್ನು ಬಿಡುತ್ತಾನೆ. ಗೆಳತಿಯರ ಜೊತೆ ಹರಟುತ್ತಿದ್ದವಳು ಬಾಗಿಲು ಹಾಕಿಕೊಳ್ಳುತ್ತಾಳೆ. ನಿದ್ದೆ, ಊಟ, ಓದು, ಗೆಳೆತನ, ಈ ನಾಲ್ಕರಲ್ಲಿ ಬದಲಾವಣೆ ಬಂದು ಎರಡು ವಾರಕ್ಕಿಂತ ಹೆಚ್ಚು ಕಾಲ ನಿಂತರೆ ಅದನ್ನು ಗಮನಕ್ಕೆ ತೆಗೆದುಕೊಳ್ಳಿ. "ನಾನು ಇರಲೇಬಾರದು", "ನಾನಿಲ್ಲದಿದ್ದರೆ ನಿಮಗೆ ಸುಖ" ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಪಕ್ಕದಲ್ಲಿ ಕೂತು ಕೇಳಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಎಂಬ ಹೆದರಿಕೆ ಬೇಡ, ಕೇಳಿದರೆ ಮಗುವಿನ ಭಾರ ಇಳಿಯುತ್ತದೆ. ನಮ್ಮ ದೇಶದಲ್ಲಿ 2021 ಮತ್ತು 2022 ಎರಡೂ ವರ್ಷಗಳಲ್ಲಿ ತಲಾ 13,000ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಯಾರಾದರೂ ಒಬ್ಬರು ಹೊತ್ತಿಗೆ ಸರಿಯಾಗಿ ಕೇಳಿದ್ದರೆ ಅವರಲ್ಲಿ ಎಷ್ಟೋ ಮಕ್ಕಳು ಉಳಿಯುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜೀವಮಾನದ ಮಾನಸಿಕ ಕಾಯಿಲೆಗಳಲ್ಲಿ ಮೂರನೆಯ ಒಂದು ಭಾಗದಷ್ಟು 14ನೆಯ ವಯಸ್ಸಿನೊಳಗೆ ಶುರುವಾಗುತ್ತವೆ. ಹದಿನಾಲ್ಕು ಎಂದರೆ ನಮ್ಮ ಲೆಕ್ಕದಲ್ಲಿ ಎಂಟನೆಯ, ಒಂಬತ್ತನೆಯ ತರಗತಿ. ಟ್ರಸ್ಟಿನ ವಿದ್ಯಾರ್ಥಿವೇತನ ಶುರುವಾಗುವುದೂ ಅಲ್ಲಿಂದಲೇ.

ಈಗ ನಮ್ಮ ಮನೆಗಳಲ್ಲಿ ಏಳುವ ಒಂದು ಮಾತು. ಮಗು ಹೀಗಾದರೆ ಮೊದಲು ನೆನಪಾಗುವುದು ನಜರ್. ನೆರೆಯ ಹಿಂದೂ ಮನೆಯಲ್ಲಿ ಅದನ್ನೇ ದೃಷ್ಟಿ ಎನ್ನುತ್ತಾರೆ. ಮೆಣಸಿನಕಾಯಿ ಉಪ್ಪು ಎರಡೂ ಮನೆಯಲ್ಲಿ ಒಲೆಗೆ ಬೀಳುತ್ತದೆ. ದುವಾ ಮಾಡಿ, ಓದಿ ಊದಿಸಿ, ನಾನು ಬೇಡ ಎನ್ನುವವಳಲ್ಲ, ನಾನೂ ಮಾಡುತ್ತೇನೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಚಿಕಿತ್ಸೆ ಮಾಡಿಸಿಕೊಳ್ಳಿ, ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಟ್ಟಿಲ್ಲ ಎಂಬುದು ನಮ್ಮ ಪ್ರವಾದಿಯವರ ಬೋಧನೆಯೇ. ಅದರಲ್ಲಿ ಮೈಯ ರೋಗಕ್ಕೆ ಮಾತ್ರ ಎಂಬ ಷರತ್ತು ಇಲ್ಲ. ಯೂಸುಫ್ ಅಲೈಹಿಸ್ಸಲಾಮ್ ಅವರನ್ನು ಕಳೆದುಕೊಂಡ ದುಃಖದಲ್ಲಿ ಅವರ ತಂದೆ ಯಾಕೂಬ್ ಅಲೈಹಿಸ್ಸಲಾಮ್ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು ಎಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ಕಡಿಮೆಯಾಗಿತ್ತು ಎಂದು ಯಾರಾದರೂ ಹೇಳುತ್ತೇವೆಯೇ? ಹಾಗಾದರೆ ಅಜ್ಜಿಯನ್ನು ಕಳೆದುಕೊಂಡ ಹುಡುಗನಿಗೆ "ನಮಾಜ್ ಸರಿಯಾಗಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಯಾಕೆ ಹೇಳುತ್ತೇವೆ?

ಸಾವಿರ ವರ್ಷಕ್ಕೂ ಹಿಂದೆ ಬಲ್ಖ್ ಎಂಬ ಊರಿನಲ್ಲಿ, ಇಂದಿನ ಅಫ್ಘಾನಿಸ್ತಾನದಲ್ಲಿ, ಅಬೂ ಜೈದ್ ಅಲ್ ಬಲ್ಖಿ ಎಂಬ ವಿದ್ವಾಂಸರಿದ್ದರು. ಅವರು ತೀರಿಕೊಂಡದ್ದು 934ರಲ್ಲಿ. ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಇಟ್ಟು ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಬರುವ ದುಃಖ ಬೇರೆ, ಎರಡಕ್ಕೂ ಆರೈಕೆ ಬೇರೆ ಎಂದು ವಿಂಗಡಿಸಿದರು. ನಮ್ಮ ಹಿರಿಯರು ಅಷ್ಟು ಹಿಂದೆಯೇ ತಿಳಿದಿದ್ದನ್ನು ನಾವು ಈಗ ನಾಚಿಕೆ ಎಂದು ಮುಚ್ಚಿಡುವುದು ಸರಿಯಲ್ಲ.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ.

ಮೊದಲನೆಯದು ಫೋನ್. 14416. ಇದು ಟೆಲಿ ಮಾನಸ್, ಕೇಂದ್ರ ಸರಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳು ತಾವೇ ಮಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ 1098.

ಎರಡನೆಯದು ಹತ್ತಿರದ ಆಸ್ಪತ್ರೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ 'ಸ್ನೇಹಾ ಕ್ಲಿನಿಕ್' ಎಂಬ ವ್ಯವಸ್ಥೆ ಇದೆ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ, ಅಂದರೆ ನಾವು ಕ್ರಿಮ್ಸ್ ಎನ್ನುವುದು, ಅಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲೂಕಾ ಆಸ್ಪತ್ರೆಗಳಿಗೂ ಬರುತ್ತಾರೆ. ಯಾವ ದಿನ ಎಂದು ಅಂಕೋಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಿ. ಈ ಕಾರ್ಯಕ್ರಮದ ಬೇರು ಇರುವುದು ನಮ್ಮ ರಾಜ್ಯದಲ್ಲೇ. ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗವೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು.

ಮೂರನೆಯದು, ಇಲ್ಲಿ ಆಗದಿದ್ದರೆ ಘಟ್ಟ ಹತ್ತಿ ಧಾರವಾಡದ ಡಿಮ್ಹಾನ್ಸ್. ಅದನ್ನು ಹುಚ್ಚಾಸ್ಪತ್ರೆ ಎಂದು ಕರೆಯುವ ರೂಢಿ ಇನ್ನೂ ಹೋಗಿಲ್ಲ. ದಯವಿಟ್ಟು ಆ ಶಬ್ದವನ್ನು ಮಕ್ಕಳ ಎದುರು ಬಳಸಬೇಡಿ. ಆ ಒಂದು ಶಬ್ದದ ಹೆದರಿಕೆಗೆ ಎಷ್ಟು ಮನೆಗಳವರು ಬಸ್ ಹತ್ತದೆ ಉಳಿದಿದ್ದಾರೋ!

"ಹೊರಗೆ ಗೊತ್ತಾದರೆ ನಾಳೆ ಹುಡುಗಿಯ ನಿಕಾಹ್‌ಗೆ ತೊಂದರೆ" ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿ ಇಡುವುದು ಆಸ್ಪತ್ರೆಯ ಕರ್ತವ್ಯ. ಗುಟ್ಟು ಒಡೆಯುವವರು ವೈದ್ಯರಲ್ಲ, ನಾವು ನೀವೇ. ಆದ್ದರಿಂದ ಕಂಡದ್ದನ್ನು ಮದುವೆಮನೆಯಲ್ಲಿ ಹೇಳದೆ ಇರುವುದೂ ಒಂದು ಸದಕಾ ಎಂದು ತಿಳಿಯಿರಿ.

ಪರದೇಶದಲ್ಲಿರುವ ತಂದೆಯಂದಿರಿಗೆ ಒಂದು ವಿನಂತಿ. ಈ ವರದಿ ನಿಮ್ಮ ಕೈಗೂ ಬರುತ್ತದೆ. ನೀವು ಶುಕ್ರವಾರ ವಾಟ್ಸಾಪಿನಲ್ಲಿ ಕಾಲ್ ಮಾಡುತ್ತೀರಿ. ಮೊದಲ ಪ್ರಶ್ನೆ "ಎಷ್ಟು ಮಾರ್ಕ್ಸ್ ಬಂತು?" ಎಂದು. ಮಗುವಿಗೆ ತಂದೆ ಸಿಗುವುದು ವಾರದಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷ ಪರೀಕ್ಷೆಯಾದರೆ ಮಗು ಸುಳ್ಳು ಹೇಳಲು ಕಲಿಯುತ್ತದೆ, ಇಲ್ಲವೇ ಫೋನ್ ಬಂದಾಗ ಬಚ್ಚಲಿಗೆ ಹೋಗುತ್ತದೆ. ಮಾರ್ಕ್ಸ್ ಕೊನೆಗೆ ಕೇಳಿ. ಮೊದಲು "ಇವತ್ತು ಯಾರ ಜೊತೆ ಆಡಿದೆ? ರಾತ್ರಿ ನಿದ್ದೆ ಬಂತಾ?" ಎಂದು ಕೇಳಿ. ಮನೆಯಲ್ಲಿ ಹೇಳಿಕೊಳ್ಳುವ ಮಕ್ಕಳು ಉಳಿಯುತ್ತಾರೆ ಎಂದು ಗೋವಾದ ಅಧ್ಯಯನ ತೋರಿಸಿತಲ್ಲ, ನಿಮ್ಮ ಫೋನೂ ಮನೆಯೇ.

ಇನ್ನು ಟ್ರಸ್ಟಿನ ಮುಂದೆ ನನ್ನ ಮೂರು ಬೇಡಿಕೆಗಳು. ಇವನ್ನು ಸಮಿತಿಗೆ ಬರೆದೂ ಕೊಟ್ಟಿದ್ದೇನೆ.

ಒಂದು, ಅಂಕ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಯಾವ ಅರ್ಜಿಯನ್ನೂ ಮನೆಯವರ ಜೊತೆ ಮಾತಾಡದೆ ತಿರಸ್ಕರಿಸಬಾರದು. ನಿಯಮ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ, ಓದುವ ಮನಸ್ಸಿಲ್ಲದವರಿಗೆ ದಾನಿಗಳ ಹಣ ಹೋಗಬಾರದು. ಆದರೆ ಮನಸ್ಸಿಲ್ಲದವನು ಯಾರು, ಮನಸ್ಸು ನೊಂದವನು ಯಾರು ಎಂದು ತಿಳಿಯಲು ಒಂದು ಫೋನ್ ಸಾಕು. ಅಂಥ ಮಗುವಿಗೆ ಒಂದು ವರ್ಷದ ಅವಕಾಶ ಕೊಡೋಣ. ಕಷ್ಟದ ವರ್ಷದಲ್ಲೇ ವಿದ್ಯಾರ್ಥಿವೇತನ ನಿಲ್ಲಿಸಿದರೆ, ಬಿದ್ದವನ ಕೈಯಿಂದ ಊರುಗೋಲು ಕಿತ್ತುಕೊಂಡಂತೆ.

ಎರಡು, ಆಸ್ಪತ್ರೆಗೆ ಹೋಗಿಬರುವ ಬಸ್ ಖರ್ಚು, ಔಷಧದ ಖರ್ಚಿಗೆ ಒಂದು ಸಣ್ಣ ನಿಧಿ. ಧಾರವಾಡಕ್ಕೆ ತಾಯಿ ಮಗು ಹೋಗಿಬಂದರೆ ಒಂದು ದಿನದ ಕೂಲಿಯೂ ಹೋಗುತ್ತದೆ. ಈ ಖರ್ಚು ಜಕಾತಿನಿಂದ ಆಗಬಹುದೇ, ಸದಕಾದಿಂದ ಆಗಬೇಕೇ ಎಂದು ನಾನು ಹೇಳುವಂತಿಲ್ಲ, ಆಲಿಮರನ್ನು ಕೇಳಿ ತೀರ್ಮಾನಿಸಿ. ಯಾವುದರಿಂದಾದರೂ ಆಗಲಿ.

ಮೂರು, ನಮ್ಮಲ್ಲೇ ಇಬ್ಬರು ಮೂವರಿಗೆ ತರಬೇತಿ. ವೈದ್ಯರಲ್ಲದ ಸಾಮಾನ್ಯ ಜನರಿಗೂ ಸರಿಯಾದ ತರಬೇತಿ ಕೊಟ್ಟು, ಮೇಲೆ ವೈದ್ಯರ ಉಸ್ತುವಾರಿ ಇಟ್ಟರೆ ನೊಂದವರಿಗೆ ನಿಜವಾದ ಸಹಾಯ ಮಾಡಬಲ್ಲರು ಎಂದು ಗೋವಾದ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್‌ನವರು ಮಾಡಿದ, 2010ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಅದು ದೊಡ್ಡವರ ಮೇಲೆ ನಡೆದದ್ದು. ಮಕ್ಕಳಿಗಾಗಿ ಶಿಕ್ಷಕರ ಮೂಲಕ ಜೀವನ ಕೌಶಲ ಕಲಿಸುವ ಪಾಠಗಳನ್ನು ನಿಮ್ಹಾನ್ಸ್ ತಯಾರಿಸಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು ಎಂದು ಹೇಳಿತು. ಅದು ಎಲ್ಲ ಕಡೆ ಆಗಲಿ. ಆಗುವವರೆಗೆ ಮದರಸಾದ ಒಬ್ಬ ಉಸ್ತಾದರು, ಒಬ್ಬ ಅಂಗನವಾಡಿ ಶಿಕ್ಷಕಿ, ನನ್ನಂಥ ಒಬ್ಬ ನಿವೃತ್ತ ಅಕ್ಕೋರು ಕಲಿತುಕೊಂಡರೆ ನಷ್ಟವೇನು? ಮಕ್ಕಳು ಮೊದಲು ಬರುವುದು ನಮ್ಮ ಹತ್ತಿರವೇ.

ದಾನಿಗಳಿಗೆ ಒಂದು ಮಾತು. ನೀವು ಕೊಟ್ಟ ಹಣಕ್ಕೆ ಎಷ್ಟು ಮಕ್ಕಳು ಡಿಸ್ಟಿಂಕ್ಷನ್ ತೆಗೆದರು ಎಂದು ಪ್ರತಿವರ್ಷ ಈ ವರದಿಯಲ್ಲಿ ಓದುತ್ತೀರಿ. ಆ ಸಾಲು ಓದಿ ನಮಗೂ ಹೆಮ್ಮೆ. ಮುಂದಿನ ವರ್ಷದಿಂದ ಅದರ ಕೆಳಗೆ ಇನ್ನೊಂದು ಸಾಲು ಇರಲಿ. ಎಷ್ಟು ಮಕ್ಕಳು ಶಾಲೆ ಬಿಡುವ ಅಂಚಿಗೆ ಬಂದು ಮರಳಿದರು ಎಂದು.

ಕೊನೆಗೆ ವಿದ್ಯಾರ್ಥಿಗಳೇ, ನಿಮಗೆ. ಇವತ್ತು ಚೆಕ್ ತೆಗೆದುಕೊಂಡು ಫೋಟೋ ತೆಗೆಸಿಕೊಳ್ಳುತ್ತೀರಿ. ಮನೆಯವರ ಕಷ್ಟ, ಟ್ರಸ್ಟಿನ ನಂಬಿಕೆ ಎಲ್ಲ ನಿಮ್ಮ ಹೆಗಲ ಮೇಲಿದೆ ಎಂದು ಭಾಷಣದಲ್ಲಿ ಹೇಳುವುದು ರೂಢಿ. ನಾನು ಅದನ್ನು ಹೇಳುವುದಿಲ್ಲ, ನಿಮ್ಮ ಚೀಲವೇ ಸಾಕಷ್ಟು ಭಾರವಿದೆ. ಓದಿ, ಚೆನ್ನಾಗಿ ಓದಿ. ಓದಲಾಗದ ದಿನ ಬಂದರೆ ಒಬ್ಬರ ಹತ್ತಿರ ಹೇಳಿ. ಅಮ್ಮಿಗೆ ಹೇಳಿ. ಆಗದಿದ್ದರೆ ಉಸ್ತಾದರಿಗೆ, ಅಕ್ಕೋರಿಗೆ, ಅದೂ ಆಗದಿದ್ದರೆ 14416ಕ್ಕೆ. ಹೇಳಿದರೆ ವಿದ್ಯಾರ್ಥಿವೇತನ ಹೋಗುತ್ತದೆ ಎಂಬ ಹೆದರಿಕೆ ಬೇಡ.

ಈ ವರದಿಯ ಕೊನೆಯಲ್ಲಿ ಮುಂದಿನ ಸಾಲಿನ ಅರ್ಜಿಯ ಪ್ರಕಟಣೆ ಇದೆ. ಅಧ್ಯಕ್ಷರು ಒಪ್ಪಿರುವುದರಿಂದ ಅರ್ಜಿಯಲ್ಲಿ ಈ ಸಲ ಒಂದು ಹೊಸ ಪ್ರಶ್ನೆ ಸೇರುತ್ತದೆ: "ಈ ವರ್ಷ ಓದಿಗೆ ಅಡ್ಡಿಯಾದ ಕಷ್ಟ ಏನಾದರೂ ಇದ್ದರೆ ತಿಳಿಸಿ. ಬರೆಯಲು ಇಷ್ಟವಿಲ್ಲದಿದ್ದರೆ 'ಮಾತಾಡಬೇಕು' ಎಂದಷ್ಟೇ ಬರೆಯಿರಿ." ಹಾಗೆ ಬರೆದ ಪ್ರತಿ ಮನೆಗೂ ನಾನು ಅಥವಾ ಸಮಿತಿಯ ಇನ್ನೊಬ್ಬ ಸಹೋದರಿ ಬರುತ್ತೇವೆ. ಕಳೆದ ವರ್ಷದ ಒಂಬತ್ತು ಅರ್ಜಿಗಳನ್ನು ಮತ್ತೆ ತೆಗೆದು ನೋಡಲೂ ಸಮಿತಿ ಒಪ್ಪಿದೆ. ಮಳೆಯ ರಾತ್ರಿ ಎದ್ದು ಕೂರುವ ಆ ಹುಡುಗಿಯನ್ನು ತಾಯಿ ಕಾರವಾರದ ಆಸ್ಪತ್ರೆಗೆ ಎರಡು ಸಲ ಕರೆದುಕೊಂಡು ಹೋಗಿ ಬಂದಿದ್ದಾರೆ. ಮೂರನೆಯ ಸಲ ತಂದೆಯೇ ಲಾರಿಗೆ ರಜೆ ಹಾಕಿ ಜೊತೆಗೆ ಹೋಗುವವರಿದ್ದಾರೆ.

ಅಲ್ಲಾಹನು ನಮ್ಮ ಮಕ್ಕಳ ಮೈಗೂ ಮನಸ್ಸಿಗೂ ಆರೋಗ್ಯ ಕೊಡಲಿ, ಕೊಡುವ ಕೈಗಳಿಗೆ ಬರಕತ್ ಕೊಡಲಿ, ನನ್ನಂಥ ಶಿಕ್ಷಕರ ತಪ್ಪುಗಳನ್ನು ಕ್ಷಮಿಸಲಿ.